ಅಕ್ಕ ಆರಿಸಿದ ಆಪರೇಷನ್

ಎದೆಯುರಿ, ಹುಳಿತೇಗು, ಅಂಥದ್ದೇನಾದರೂ ಇದೆಯೇ ಎಂದು ಡಾಕ್ಟರ್ ಫಲಾಹ್ ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವಳು ನನ್ನ ಅಕ್ಕ ಸಬೀಕಾ.

“ಏನೂ ಇಲ್ಲ ಡಾಕ್ಟರೇ. ಕಲ್ಲು ತಿಂದ್ರೂ ಅರಗಿಸ್ಕೋತಾಳೆ ಇವಳು.”

ನಮ್ಮಲ್ಲಿ ಡಾಕ್ಟರ ಹತ್ತಿರ ಒಬ್ಬರೇ ಹೋಗುವ ರೂಢಿಯಿಲ್ಲ. ಜೊತೆಗೆ ಹೋದವರಲ್ಲಿ ಯಾರು ಹಿರಿಯರೋ ಅವರೇ ರೋಗಿಯ ಬಾಯಿ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಸಬೀಕಾ. ಹಾಲುಹಲ್ಲಿನ ನೋವಿನಿಂದ ಹಿಡಿದು ಹೆರಿಗೆ ನೋವಿನವರೆಗೆ ನನಗೆ ಎಷ್ಟು ನೋಯುತ್ತಿದೆ ಎಂದು ಡಾಕ್ಟರಿಗೆ ಹೇಳಿದವಳು ಅವಳೇ. ನಾನು ದಿಂಬುಗಳನ್ನು ಪೇರಿಸಿಕೊಂಡು ಅರ್ಧ ಕೂತೇ ಮಲಗುತ್ತೇನೆ, ಕಾರಿನಲ್ಲೊಂದು ಅಂಗಡಿಯ ಡ್ರಾಯರಿನಲ್ಲೊಂದು ಆಸಿಡಿಟಿ ಔಷಧದ ಬಾಟಲಿ ಇಟ್ಟುಕೊಂಡಿರುತ್ತೇನೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಸೇರಿಸಿದವರಲ್ಲ. ಬೇಸಗೆಯಲ್ಲಿ ಬೆವರು ಬರುವ ಹಾಗೆ ದಪ್ಪಗಿರುವವರಿಗೆ ಎದೆ ಉರಿಯುತ್ತದೆ, ಅಷ್ಟೇ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಸುಮ್ಮನೆ ನಕ್ಕೆ. ಅವರು ನಮ್ಮಿಬ್ಬರಿಗೂ ‘ತಕ್ಮೀಮ್’ ಎಂದು ಬರೆದರು. ಒಂದೇ ದಿನ, ಒಬ್ಬರಾದ ಮೇಲೆ ಒಬ್ಬರಿಗೆ.

ಕುವೈತಿನಲ್ಲಿ ತಕ್ಮೀಮ್ ಅಂದರೆ ಏನೆಂದು ಶಾಲೆಯ ಮಕ್ಕಳಿಗೂ ಗೊತ್ತು. ಹೊಟ್ಟೆಯ ಚೀಲದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಗಿಯ ತೋಳಿನ ಹಾಗೆ ಕೊಳವೆಯಾಗಿ ಹೊಲಿದುಬಿಡುತ್ತಾರೆ. ನಮ್ಮ ಕುಟುಂಬದಲ್ಲೇ ಅರ್ಧ ಜನಕ್ಕೆ ಆಗಿದೆ. ಶುಕ್ರವಾರದ ಊಟಕ್ಕೆ ಎಲ್ಲರೂ ಸಬೀಕಾಳ ಮನೆಯಲ್ಲಿ ಸೇರುತ್ತೇವೆ. ಮಚ್ಬೂಸ್ ಅನ್ನ ಬೇಯಿಸುವ ಹಂಡೆ ಮಾತ್ರ ಅಮ್ಮನ ಕಾಲದ್ದೇ. ಒಬ್ಬೊಬ್ಬರೂ ನಾಲ್ಕು ತುತ್ತು ತಿಂದು ಎದೆ ಹಿಡಿದುಕೊಂಡು ಹಿಂದಕ್ಕೆ ಒರಗುತ್ತಾರೆ. ಮಿಕ್ಕದ್ದೆಲ್ಲ ಡಬ್ಬಿಗಳಲ್ಲಿ ಮನೆಮನೆಗೆ ಹೋಗುತ್ತದೆ. ಆದರೂ ಹಂಡೆ ಸಣ್ಣದು ಮಾಡೋಣ ಎಂದು ಯಾರೂ ಹೇಳುವುದಿಲ್ಲ, ಮರ್ಯಾದೆಯ ಪ್ರಶ್ನೆ.

ಸಾಲ್ಮಿಯಾದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಂಗಸರ ದರಾಅ ನಿಲುವಂಗಿಗಳನ್ನು ಹೊಲಿಸಿ ಕೊಡುತ್ತೇನೆ. ಆಪರೇಷನ್ ಆದವರು ಹಳೆಯ ಬಟ್ಟೆ ತಂದು ಸಣ್ಣದು ಮಾಡಿಸಿಕೊಂಡು ಹೋಗುತ್ತಾರೆ. ಕೆಲವರು ಎರಡು ವರ್ಷ ಬಿಟ್ಟು ಅದನ್ನೇ ತಂದು ಮತ್ತೆ ಸಡಿಲ ಬಿಡು ಅನ್ನುತ್ತಾರೆ. ಅದಕ್ಕೇ ನಾನು ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ಎಸೆಯುವುದಿಲ್ಲ, ಒಳಗೆ ಮಡಚಿ ಹೊಲಿಸುತ್ತೇನೆ. ಬಟ್ಟೆಯ ವಿಷಯದಲ್ಲಿ ಇಷ್ಟು ಎಚ್ಚರ ಇರುವವಳು ಹೊಟ್ಟೆಯ ವಿಷಯದಲ್ಲಿ ಅಕ್ಕನ ಮಾತಿಗೆ ತಲೆಯಾಡಿಸಿ ಬಂದಿದ್ದೆ.

ಆಪರೇಷನ್‌ಗೆ ಎರಡು ವಾರ ಇದ್ದಾಗ ಘನೀಮಾ ಅಂಗಡಿಗೆ ಬಂದಳು. ಬ್ಯಾಂಕಿನ ಉದ್ಯೋಗಿ, ನನ್ನ ಹಳೆಯ ಗಿರಾಕಿ. ಮೂರು ವರ್ಷದ ಹಿಂದೆ ತಕ್ಮೀಮ್ ಮಾಡಿಸಿಕೊಂಡು ಅರ್ಧಕ್ಕರ್ಧ ಇಳಿದಿದ್ದಳು. ಅಳತೆ ತೆಗೆಯುವಾಗ ಹೊಗಳಿದೆ. ಅವಳು ನಗಲಿಲ್ಲ. ಮುಂದಿನ ತಿಂಗಳು ಮತ್ತೆ ಆಪರೇಷನ್ ಇದೆ ಎಂದಳು. ಯಾಕೆ ಅಂದರೆ, ಮಂಚದ ಮೇಲೆ ಮಲಗದೆ ಒಂದು ವರ್ಷ ಆಯಿತಂತೆ. ಒರಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ, ಕುರ್ಚಿಯಲ್ಲೇ ಕೂತು ನಿದ್ದೆ ಮಾಡುತ್ತಾಳೆ, ದನಿಯೂ ಒಡೆದುಹೋಗಿದೆ. ಈಗ ಅದನ್ನೇ ಬದಲಿಸಿ ‘ತಹ್ವೀಲ್’ ಮಾಡುತ್ತಾರಂತೆ. ಅದರಲ್ಲಿ ಮೇಲ್ಭಾಗದಲ್ಲಿ ಮುಷ್ಟಿಗಿಂತ ಸಣ್ಣ ಚೀಲ ಉಳಿಸಿ, ಕರುಳನ್ನು ನೇರ ಅದಕ್ಕೇ ಜೋಡಿಸಿ, ಅನ್ನಕ್ಕೆ ಬೇರೆ ದಾರಿ ಮಾಡಿಕೊಡುತ್ತಾರೆ. ಹುಳಿ ಮೇಲಕ್ಕೆ ಬರುವುದು ನಿಲ್ಲುತ್ತದೆ.

“ಮೊದಲಿಂದ್ಲೇ ಎದೆ ಉರೀತಿತ್ತಾ ನಿನಗೆ?” ಎಂದು ಕೇಳಿದೆ.

“ಉರೀತಿತ್ತು. ಅದೂ ಒಂದು ಹೇಳೋ ವಿಷಯಾನಾ ಅಂತ ಹೇಳಲಿಲ್ಲ. ಹೇಳಿದ್ರೆ ಮೊದಲೇ ತಹ್ವೀಲ್ ಮಾಡ್ತಿದ್ವಿ ಅಂತಾರೆ ಈಗ.”

ಅವಳು ಹೋದ ಮೇಲೆ ನಾನು ಡ್ರಾಯರು ತೆಗೆದು ಒಂದು ಗುಟುಕು ಔಷಧ ಕುಡಿದೆ. ಆಮೇಲೆ ಆ ಬಾಟಲಿಯನ್ನೇ ನೋಡುತ್ತಾ ಕೂತೆ.

ಅಂದು ಸಂಜೆಯೇ ಸಬೀಕಾಗೆ ಫೋನು ಮಾಡಿದೆ. ಘನೀಮಾಳ ಹೆಸರು ಎತ್ತಿದ್ದೇ ತಡ, ಅವಳು ಎಲ್ಲಿ ಮಾಡಿಸಿಕೊಂಡಳು, ಯಾರ ಕೈಯಲ್ಲಿ ಮಾಡಿಸಿಕೊಂಡಳು, ಆಮೇಲೆ ಎಷ್ಟು ಪೆಪ್ಸಿ ಕುಡಿದಳು ಎಂದು ಶುರುಮಾಡಿದಳು. ನಾನು ತಹ್ವೀಲ್ ಅಂದೆ. ಕರುಳು ಕತ್ತರಿಸಿಕೊಳ್ಳುವವರಿಗೆ ಜೀವನವಿಡೀ ವಿಟಮಿನ್ ಮಾತ್ರೆ, ಒಂದು ಖರ್ಜೂರ ಹೆಚ್ಚು ತಿಂದರೆ ತಲೆಸುತ್ತು, ನಮ್ಮ ಮನೆತನದಲ್ಲಿ ಯಾರಿಗೆ ಬೇಕು ಅದು ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಅದೇ ನನ್ನ ಕಷ್ಟ. ತಹ್ವೀಲ್ ಎಂದರೆ ನನಗೂ ಹೆದರಿಕೆಯೇ. ಆದರೆ ಎದೆಯುರಿಯ ಮಾತಿಗೆ ಬರುವಷ್ಟರಲ್ಲಿ ಅವಳಿಗೆ ಚಾಕೊಲೇಟಿನ ಅಂಗಡಿಯಿಂದ ಇನ್ನೊಂದು ಕರೆ ಬಂತು.

ಚಾಕೊಲೇಟು ಯಾಕೆ ಅಂದರೆ, ಆಸ್ಪತ್ರೆಗೆ ನೋಡಲು ಬರುವವರಿಗೆ ಕೊಡಲಿಕ್ಕೆ. ಹೊಟ್ಟೆ ಸಣ್ಣದು ಮಾಡಿಸಿಕೊಳ್ಳುವವರ ಕೋಣೆಯಲ್ಲಿ ಚಾಕೊಲೇಟ್ ತಟ್ಟೆ! ಬೆಳ್ಳಿ ಬಣ್ಣದ ತಟ್ಟೆ, ಸಬೀಕಾ, ವಸ್ಮಿಯಾ ಎಂದು ಇಬ್ಬರ ಹೆಸರೂ ಬರೆಸಿ ಆಗಿತ್ತು.

ನನ್ನ ಗಂಡ ಮಿಶ್‌ಅಲ್ ಒಳ್ಳೆಯವನು, ಆದರೆ ಇಂಥ ವಿಷಯಕ್ಕೆ ಸಿಕ್ಕುವವನಲ್ಲ. ಪೂರ್ತಿ ಕೇಳಿಸಿಕೊಂಡು, ನಿನ್ನ ಅಕ್ಕನನ್ನು ಒಂದು ಮಾತು ಕೇಳು ಎಂದ. ಶುಕ್ರವಾರದ ಊಟಕ್ಕೆ ಕೂತಾಗ ಮತ್ತೆ ಬಾಯಿ ತೆರೆದೆ. ಅತ್ತೆಯ ಮಗಳು ತನ್ನ ಕಥೆ ಹೇಳಿದಳು, ಅವಳ ನಾದಿನಿ ಅದಕ್ಕಿಂತ ದೊಡ್ಡ ಕಥೆ ಹೇಳಿದಳು, ದೊಡ್ಡಮ್ಮನ ಸೊಸೆ ಟರ್ಕಿಗೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದಳು. ಹೊಟ್ಟೆ ಕತ್ತರಿಸಿಕೊಂಡ ಪ್ರತಿಯೊಬ್ಬರೂ ಡಾಕ್ಟರು. ನನ್ನ ವಾಕ್ಯ ‘ನನಗೆ ಮಲಗಿದಾಗ’ ಎಂಬಲ್ಲಿಂದ ಮುಂದೆ ಹೋಗಲೇ ಇಲ್ಲ. ಕೊನೆಗೆ ಸಬೀಕಾ ಎಲ್ಲರೆದುರು ನನ್ನ ಬೆನ್ನು ತಟ್ಟಿ ಹೇಳಿದಳು: “ಹೆದರಿಕೆ ಇವಳಿಗೆ. ಕಿವಿ ಚುಚ್ಚುವಾಗಲೂ ಹೀಗೇ ಮಂಚದಡಿ ಅಡಗಿದ್ಲು.” ಎಲ್ಲರೂ ನಕ್ಕರು. ನನಗೆ ತಟ್ಟೆ ಎತ್ತಿ ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ, ಡಬ್ಬಿ ತುಂಬಿಸಿಕೊಂಡು ಮನೆಗೆ ಬಂದೆ.

ಆ ಸಿಟ್ಟಿನಲ್ಲಿ ಒಂದು ಮಾತು ಹೊಳೆಯಿತು. ಇಲ್ಲಿ ಯಾರನ್ನೂ ಒಪ್ಪಿಸಬೇಕಾದ್ದಿಲ್ಲ. ಒಬ್ಬ ಡಾಕ್ಟರಿಗೆ ಒಂದು ವಾಕ್ಯ ಹೇಳಿ ಮುಗಿಸಿದರೆ ಸಾಕು.

ದಾಖಲಾಗುವ ಹಿಂದಿನ ದಿನ ಕೊನೆಯ ಭೇಟಿ ಇತ್ತು. ಇಬ್ಬರೂ ಹೋದೆವು. ಡಾಕ್ಟರು ರಕ್ತಪರೀಕ್ಷೆಯ ಫಲಿತಾಂಶ ನೋಡಿ ಎಲ್ಲ ಸರಿಯಿದೆ ಎಂದರು. ಸಬೀಕಾ ಚೀಲ ಎತ್ತಿಕೊಂಡು ಎದ್ದಳು. ನಾನು ಏಳಲಿಲ್ಲ.

“ಡಾಕ್ಟರೇ, ನನಗೆ ಎದೆಯುರಿ ಇದೆ. ಹತ್ತು ವರ್ಷದಿಂದ. ಸಪಾಟಾಗಿ ಮಲಗಕ್ಕೆ ಆಗಲ್ಲ.”

ಸಬೀಕಾ ನಿಂತಲ್ಲೇ, “ಅಯ್ಯೋ, ಅದು ಎಲ್ಲರಿಗೂ ಇರುತ್ತೆ ಡಾಕ್ಟರೇ, ನಾಳೆ ಅಂದ್ರೆ ಹೆದರಿಕೆ...” ಎಂದು ಶುರುಮಾಡಿದಳು.

“ಸಬೀಕಾ, ಉರಿಯೋದು ನನ್ನ ಎದೆ. ಮಾತು ಮುಗಿಸ್ತೀನಿ, ಕೂತ್ಕೋ,” ಎಂದೆ.

ಅವಳಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಕೂತಳು.

ಡಾಕ್ಟರ್ ಫಲಾಹ್ ನನ್ನ ಮಗನ ವಯಸ್ಸಿನವರು. ಒಂದಾದ ಮೇಲೊಂದು ಪ್ರಶ್ನೆ ಕೇಳಿದರು, ಹುಳಿ ಬಾಯಿಗೆ ಬರುತ್ತದೆಯೇ, ರಾತ್ರಿ ಕೆಮ್ಮು ಎಬ್ಬಿಸುತ್ತದೆಯೇ, ಔಷಧ ಎಷ್ಟು ಕುಡಿಯುತ್ತೀರಿ ಎಂದೆಲ್ಲ. ಎಲ್ಲಕ್ಕೂ ನಾನೇ ಉತ್ತರ ಕೊಟ್ಟೆ. ಅವರು ಪೆನ್ನು ಮುಚ್ಚಿಟ್ಟು, ಚಿಕ್ಕಮ್ಮನನ್ನು ಕರೆಯುವ ಹಾಗೆ ನನ್ನನ್ನು ಕರೆದರು.

“ಖಾಲಾ, ಇದನ್ನ ಮೊದಲೇ ಹೇಳಬೇಕಿತ್ತು. ನಾಳೆ ನಿಮಗೆ ಮಾಡಲ್ಲ. ಮೊದಲು ಎಂಡೋಸ್ಕೋಪಿ ಆಗಲಿ. ಹೀಗಿರೋರಿಗೆ ತಕ್ಮೀಮ್ ಮಾಡಿದ್ರೆ ಉರಿ ಹೆಚ್ಚಾಗೋ ಸಾಧ್ಯತೆನೇ ಜಾಸ್ತಿ. ಕತ್ತರಿಸಿ ತೆಗೆದ ಮೇಲೆ ವಾಪಸ್ ಜೋಡಿಸೋಕೆ ಆಗಲ್ಲ.”

ಕತ್ತರಿಸಿದ್ದು ಮತ್ತೆ ಮೊದಲಿನಂತಾಗುವುದಿಲ್ಲ ಎಂದು ಹೊಲಿಗೆಯವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಮನಸ್ಸು ಒಮ್ಮೆಗೆ ಹಗುರಾಯಿತು, ಅದರ ಹಿಂದೆಯೇ ಭಾರವೂ ಆಯಿತು, ಏಕೆಂದರೆ ಪಕ್ಕದಲ್ಲಿ ಸಬೀಕಾ ಚೀಲದ ಹಿಡಿ ತಿರುಚುತ್ತಾ ಕೂತಿದ್ದಳು.

ಕಾರು ಅವಳೇ ಓಡಿಸುತ್ತಿದ್ದಳು. ನಾಲ್ಕನೇ ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ನಿಂತಾಗ ಮುಂದೆ ನೋಡುತ್ತಲೇ ಕೇಳಿದಳು: “ನನ್ನನ್ನ ಒಬ್ಬಳನ್ನೇ ಒಳಗೆ ಕಳಿಸ್ತೀಯಾ ಹಾಗಾದ್ರೆ?”

ಆಗ ನನಗೆ ಅರ್ಥವಾಯಿತು. ತನ್ನ ಮಗಳ ಮದುವೆ ಹತ್ತಿರ ಬಂತು ಎಂದು ಇವಳು ತೂಕ ಇಳಿಸಲು ಹೊರಟವಳು. ಒಬ್ಬಳೇ ಹೋಗಲು ಧೈರ್ಯ ಸಾಲದೆ ನನ್ನನ್ನು ಜೊತೆಗೆ ಹಾಕಿಕೊಂಡಿದ್ದಳು. ನನ್ನ ಎದೆಯುರಿ ಎಂದರೆ ಅವಳಿಗೆ ಒಬ್ಬಳೇ ಹೋಗಬೇಕಾಗುವ ಅಪಾಯ.

“ಹೆದರಿಕೆ ಆಗ್ತಿದೆ, ಜೊತೆಗೆ ಬಾ ಅಂದಿದ್ರೆ ಬರ್ತಿರಲಿಲ್ವಾ? ಅದಕ್ಕೆ ನನ್ನ ಹೊಟ್ಟೇನೂ ಕುಯ್ಯಿಸಬೇಕಿತ್ತಾ?”

“ಬಾ ಅಂದ್ರೆ ನೀನು ಬಾಗಿಲ ತನಕ ಬರ್ತಿದ್ದೆ. ಒಳಗೆ ಯಾರು ಬರ್ತಾರೆ?” ಎಂದಳು. ಅವಳು ಹೇಳಿದ್ದು ನಿಜವೇ. ಸಿಟ್ಟು ಮಾತ್ರ ಹಾಗೇ ಇತ್ತು.

ಮಾರನೆಯ ದಿನ ಆಪರೇಷನ್ ಕೋಣೆಯ ಬಾಗಿಲ ತನಕ ಹೋದೆ. ತಳ್ಳುಮಂಚದ ಪಕ್ಕದಲ್ಲಿ ನಡೆಯುತ್ತಾ ಅವಳ ಕೈ ಹಿಡಿದುಕೊಂಡಿದ್ದೆ. ಬಾಗಿಲು ಬಂದರೂ ಅವಳು ಬಿಡಲಿಲ್ಲ, ನರ್ಸೇ ಬಿಡಿಸಬೇಕಾಯಿತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ಆಪರೇಷನ್ ಚೆನ್ನಾಗಿ ಆಯಿತು.

ಸಂಜೆಯಿಂದ ನೆಂಟರು ಬರತೊಡಗಿದರು. ಇಬ್ಬರ ಹೆಸರಿನ ತಟ್ಟೆ ಹಿಡಿದು ಚಾಕೊಲೇಟು ಹಂಚಿದವಳು ನಾನು, ಕಾಫಿ ಕೊಟ್ಟವಳೂ ನಾನು. ನೀನ್ಯಾಕೆ ಎದ್ದು ಓಡಾಡುತ್ತಿದ್ದೀಯ ಎಂದು ಎಲ್ಲರೂ ಕೇಳಿದರು. ಮೊದಲ ನಾಲ್ಕು ಜನಕ್ಕೆ ಎದೆಯುರಿಯ ವಿಷಯ ವಿವರವಾಗಿ ಹೇಳಿದೆ. ಅವರು ಕೇಳಿಸಿಕೊಂಡು, ಹೊರಗೆ ಹೋಗುವಾಗ ಕಾರಿಡಾರಿನಲ್ಲಿ, ಪಾಪ, ಹೆದರಿದಳು ಎಂದು ಮಾತಾಡಿಕೊಂಡರು. ಐದನೆಯವರಿಗೆ ನಾನೇ, ಹೆದರಿದೆ ಎಂದುಬಿಟ್ಟೆ. ಅವರಿಗೆ ಎಷ್ಟು ಸಮಾಧಾನವಾಯಿತು ಅಂದರೆ ಎರಡು ಚಾಕೊಲೇಟು ತೆಗೆದುಕೊಂಡರು. ಆ ಗದ್ದಲದ ನಡುವೆಯೂ ನನ್ನ ಎದೆ ಉರಿಯುತ್ತಲೇ ಇತ್ತು.

ಎಂಡೋಸ್ಕೋಪಿಯ ದಿನವನ್ನು ಯಾರಿಗೂ ತಿಳಿಸದೆ ಹೋಗಿಬರಬೇಕೆಂದಿದ್ದೆ. ಆದರೆ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ, ವಾಪಸು ಕರೆದುಕೊಂಡು ಹೋಗಲು ಜೊತೆಗೊಬ್ಬರು ಬೇಕೇ ಬೇಕು ಎಂದು ನರ್ಸು ಫೋನಿನಲ್ಲಿ ಕಡ್ಡಾಯ ಮಾಡಿದಳು. ಮಿಶ್‌ಅಲ್ ಕೆಲಸದ ಮೇಲೆ ದುಬೈಗೆ ಹೋಗಿದ್ದ. ಇನ್ನು ಯಾರನ್ನು ಕೇಳಲಿ? ಸಬೀಕಾ ಬಂದಳು. ಆಪರೇಷನ್ ಆಗಿ ಎರಡು ವಾರ ದಾಟಿತ್ತು. ಮುಖ ಇಳಿದಿತ್ತು, ಕೈಯಲ್ಲಿ ಸಾರಿನ ಫ್ಲಾಸ್ಕು, ಮಗುವಿನ ಹಾಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ನರ್ಸು ನನ್ನ ಹೆಸರು ಕರೆದಾಗ ಅವಳೂ ಎದ್ದಳು.

“ನೀನು ಇಲ್ಲೇ ಇರು,” ಎಂದೆ.

“ಬಾಗಿಲ ತನಕ?” ಎಂದಳು. ಸರಿ ಎಂದೆ. ಬಾಗಿಲ ತನಕ ಬಂದು ನಿಂತುಕೊಂಡಳು.

ಅನ್ನನಾಳದ ಬುಡದಲ್ಲಿರುವ ಬಿಗಿತ ಸಡಿಲವಾಗಿದೆ, ಒಳಗೆಲ್ಲ ಹುಣ್ಣಾಗಿದೆ, ತಕ್ಮೀಮ್ ಬೇಡ ಎಂದರು ಡಾಕ್ಟರ್ ಫಲಾಹ್. ತಹ್ವೀಲಿನ ಕಷ್ಟಗಳನ್ನೂ ಮುಚ್ಚಿಡದೆ ಹೇಳಿದರು. ಮಾತ್ರೆ ಜೀವನವಿಡೀ, ಸಿಹಿ ಕಂಡರೆ ದೂರ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಯೋಚಿಸಿ ಹೇಳಿ ಎಂದರು. ಇಷ್ಟು ದಿನ ಯೋಚಿಸಿದ್ದೇ ಆಯಿತು, ದಿನ ಗೊತ್ತುಮಾಡಿ ಎಂದೆ. ಮೊದಲು ಹುಣ್ಣು ಮಾಯಬೇಕು, ಎರಡು ತಿಂಗಳು ಕಾಯಿರಿ ಎಂದರು. ಮದುವೆಗೆ ನಾನು ಈಗಿನ ಅಳತೆಯ ದರಾಅ ಹಾಕಿಕೊಂಡೇ ಹೋಗಬೇಕು ಎಂದಾಯಿತು. ಎರಡು ತಿಂಗಳ ದಿಂಬಿನ ರಾಶಿಗಿಂತ ಅದು ಹೆಚ್ಚು ಬೇಸರ ತರಿಸಿತು ಎಂದರೆ ನಂಬುತ್ತೀರಾ?

ಕಾರು ನಡೆಸುತ್ತಾ ಸಬೀಕಾ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಮಾತು ಮುಗಿಸುವವರೆಗೂ ಸುಮ್ಮನಿದ್ದಳು. ಆಮೇಲೆ, “ಅದರಲ್ಲಿ ತೂಕ ಇನ್ನೂ ಜಾಸ್ತಿ ಇಳಿಯುತ್ತಂತಲ್ಲ?” ಎಂದಳು.

“ಸ್ವಲ್ಪ ಜಾಸ್ತಿ ಅಂದ್ರು.”

“ಮತ್ತೆ ನನಗೆ ಯಾಕೆ ಅದನ್ನೇ ಮಾಡಲಿಲ್ಲ?”

ಮಂಪರು ಇನ್ನೂ ಬಿಟ್ಟಿರಲಿಲ್ಲ, ಆದರೂ ತಿರುಗಿ ಅವಳ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಕಣ್ಣಲ್ಲಿ ನೀರು ನಿಂತಿತ್ತು. ಅಂದು ನಾನು ಘನೀಮಾಳ ಕಥೆ ಕೇಳಿ ಕೂತಿದ್ದೆನಲ್ಲ, ಈಗ ಇವಳ ಸ್ಥಿತಿಯೂ ಅದೇ. ವ್ಯತ್ಯಾಸ ಇಷ್ಟೇ, ಇವಳದು ಕತ್ತರಿಸಿ ಆಗಿತ್ತು.

“ನಿನಗೆ ಎದೆಯುರಿ ಇಲ್ಲ ಸಬೀಕಾ. ನಿನಗೆ ಆಗಿರೋದೇ ಸರಿ.”

ಅವಳು ಒಂದು ಕೈಯಲ್ಲಿ ಫ್ಲಾಸ್ಕು ಎತ್ತಿ ಒಂದು ಗುಟುಕು ಸಾರು ಕುಡಿದಳು.

“ನಿನ್ನೆಯಿಂದ ಒಂಚೂರು ಇದೆ ಅನ್ಸುತ್ತೆ,” ಎಂದಳು.

ಬಯ್ಯಬೇಕೆಂದು ಬಾಯಿ ತೆರೆದೆ. ಆಮೇಲೆ, ನಿಜವೂ ಇರಬಹುದು ಎನಿಸಿತು.

“ಹಾಗಾದ್ರೆ ಗಾಡಿ ತಿರುಗಿಸು,” ಎಂದೆ. “ಡಾಕ್ಟರು ಇನ್ನೂ ಅಲ್ಲೇ ಇದ್ದಾರೆ. ನೀನೇ ಹೇಳು. ನಾನು ಬಾಯಿ ಬಿಡಲ್ಲ.”