ಸೊಪ್ಪಿನ ಮದ್ದಿಗೆ ಹೋದ ಹೊತ್ತು

ನಮ್ಮೂರ ಆಸ್ಪತ್ರೆಯ ತುರ್ತು ವಿಭಾಗವನ್ನು ಮುಚ್ಚಬಾರದೆಂದು ಹೇಳಲು ಸಭೆಯಲ್ಲಿ ಎದ್ದು ನಿಂತೆ. ಹೋದ ವರ್ಷ ಕಾಫಿ ಕೊಯ್ಯುವಾಗ ಮಗಳು ಶ್ವೇತಳಿಗೆ ಹಾವು ಕಚ್ಚಿದ್ದನ್ನೂ, ಅವಳು ಈ ಆಸ್ಪತ್ರೆಯಿಂದಲೇ ಬದುಕಿಕೊಂಡದ್ದನ್ನೂ ಹೇಳಿದೆ.

"ಕಚ್ಚಿದ್ದೆಷ್ಟು ಹೊತ್ತಿಗೆ? ಆಸ್ಪತ್ರೆಗೆ ಬಂದದ್ದೆಷ್ಟು ಹೊತ್ತಿಗೆ?" ಎಂದು ಸಭೆ ನಡೆಸುತ್ತಿದ್ದ ಅಧಿಕಾರಿ ಕೇಳಿದರು.

ಕಚ್ಚಿದ್ದು ಹತ್ತು ಗಂಟೆಗೆ. ಆಸ್ಪತ್ರೆ ಹತ್ತೇ ನಿಮಿಷದ ದಾರಿ. ಆದರೆ ನಾನು ಅವಳನ್ನು ಮೊದಲು ಸೊಪ್ಪಿನ ಮದ್ದು ಕೊಡುವವರ ಮನೆಗೆ ಕರೆದೊಯ್ದಿದ್ದೆ.

"ಪ್ರೇಮಕ್ಕ, ಹತ್ತೂ ಹತ್ತಕ್ಕೆ ಅಂತ ಹೇಳಿಬಿಡಿ," ಪಕ್ಕದ ಮನೆಯ ಕುಶಾಲಪ್ಪ ಪಿಸುಗುಟ್ಟಿದ. "ಇಲ್ಲಾಂದ್ರೆ ಆಸ್ಪತ್ರೆ ದೂರ ಇದ್ದರೂ ನಡೀತದೆ ಅಂತಾರೆ."

ಅವನು ಹೇಳಿದ್ದು ಸರಿಯಿರಬಹುದು. ಆದರೆ ಶ್ವೇತ ನನ್ನನ್ನೇ ನೋಡುತ್ತಿದ್ದಳು.

"ಕಚ್ಚಿದ್ದು ಹತ್ತಕ್ಕೆ, ಬಂದದ್ದು ಹನ್ನೊಂದಕ್ಕೆ ಸಾರ್. ಮೊದಲು ಸೊಪ್ಪಿನ ಮದ್ದಿಗೆ ಹೋಗಿದ್ದೆ. ತಪ್ಪು ನನ್ನದು. ಇನ್ನರ್ಧ ಗಂಟೆ ತಡವಾಗಿದ್ದರೆ ಉಳೀತಿರಲಿಲ್ಲ ಅಂದರು ಡಾಕ್ಟರು. ಇದನ್ನು ಮುಚ್ಚಿದರೆ ಮಡಿಕೇರಿ ಆಸ್ಪತ್ರೆಗೇ ಹೋಗಬೇಕು, ಅಲ್ಲಿಗೆ ಒಂದೂವರೆ ಗಂಟೆ ಬೇಕು."

ಅಧಿಕಾರಿ ಏನೋ ಬರೆದುಕೊಂಡು, "ಮುಂದಿನವರು" ಎಂದರು. ನನ್ನ ಮಾತಿನಿಂದಲೇ ಎಲ್ಲ ಕೆಟ್ಟಿತೇನೋ ಎಂದುಕೊಳ್ಳುತ್ತಾ ಆಚೆ ನಡೆದೆ.

ಹೊರಗೆ ಶ್ವೇತ ಮಧ್ಯಾಹ್ನದ ಕೊಯ್ಲಿಗೆ ಹೊರಟು ಗಂಬೂಟು ಹಾಕಿಕೊಳ್ಳುತ್ತಿದ್ದಳು.

"ಇವತ್ತೊಂದು ದಿನ ಹೋಗಬೇಡ ಮಗಾ," ಎಂದೆ.

"ಮತ್ತೆ ನಾಳೆ?" ಎಂದಳು.

ನಾನು ಕೂತು ಅವಳ ಬೂಟನ್ನು ಮೊಣಕಾಲವರೆಗೆ ಎಳೆದು ಸರಿಮಾಡಿದೆ.