ಹೊಟ್ಟೆಗೆ ಗೀಟೆಳೆದ ಏಳು

ಆ ಏಳು ಅಪ್ಪನದೇ ಆಗಿರಬೇಕೆಂದೇನಿಲ್ಲ, ಏಳಂಕಿಯ ಹೊಟ್ಟೆಗೆ ಅಡ್ಡಗೀಟು ಎಳೆಯುವವರು ಲೋಕದಲ್ಲಿ ಎಷ್ಟೋ ಜನ, ಅಂಚೆಯವರು ಎಳೆಯುತ್ತಾರೆ, ಔಷಧಿ ಅಂಗಡಿಯವರು ಎಳೆಯುತ್ತಾರೆ, ಆದರೆ ಗೀಟಿನ ಬಲತುದಿ ಹೀಗೆ ಮೇಲಕ್ಕೆ ಚಿಮ್ಮುವುದು, ಚಿಮ್ಮಿ ಮುಂದಿನ ಚುಕ್ಕೆಯನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲುವುದು — ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ, ಪರದೆ ಇನ್ನಷ್ಟು ಸ್ಪಷ್ಟವಾಯಿತು, ಒರೆಸಬಾರದಿತ್ತು. ತರಗತಿಯ ಪರದೆಯ ಮೇಲೆ ಕಾರ್ಖಾನೆಯ ಕೊಳಕು ನೀರನ್ನು ಶುದ್ಧಿಮಾಡುವ ಘಟಕವೊಂದರ ರಿಜಿಸ್ಟರಿನ ಪುಟ, ನದಿಗೆ ಬಿಡುವ ಮೊದಲು ಆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ದಿನಾ ಅಳೆದು ಬರೆದಿಡುವ ಪುಟ, ಏಳು ಪಾಯಿಂಟ್ ಎರಡು, ಏಳು ಪಾಯಿಂಟ್ ಎರಡು, ಏಳು ಪಾಯಿಂಟ್ ಮೂರು, ಮತ್ತೆ ಎರಡು, ಬರೆದವನ ಹೆಸರಿನ ಮೇಲೆ ಮೇಡಂ ಕಪ್ಪು ಪಟ್ಟಿ ಬಳಿದಿದ್ದಾರೆ, ಹೆಸರಿಗೆ ಬಳಿಯಬಹುದು, ಕೈಬರಹಕ್ಕೆ? ನೋಡಿ, ಮೋಟಾರು ಸುಟ್ಟು ಘಟಕ ಮುಚ್ಚಿದ್ದ ನಾಲ್ಕು ದಿನವೂ ಏಳು ಪಾಯಿಂಟ್ ಎರಡೇ, ಇಲ್ಲದ ನೀರನ್ನ ಅಳೆದಿದಾನೆ ಪುಣ್ಯಾತ್ಮ, ಅಂದರು ಪರಿಸರ ನೀತಿ ಕಲಿಸುವ ಮೇಡಂ, ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಅವನೂ ನಕ್ಕ, ನಗದಿದ್ದರೆ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಂಡಂತಾಗುತ್ತದೆ. ಪಕ್ಕದಲ್ಲಿ ಕೂತ, ಬಾಯಿಯಿಂದಾಗಿ ವಕೀಲಮ್ಮ ಎಂದೇ ಹೆಸರಾದ ಗೆಳತಿ ಅವನ ನೋಟ್‌ಬುಕ್ಕಿಗೆ ಬಗ್ಗಿದಳು, ಅಯ್ಯೋ, ನೀನೂ ಏಳಕ್ಕೆ ಬೆಲ್ಟ್ ಕಟ್ತೀಯಲ್ಲೋ, ಪ್ಯಾಂಟ್ ಜಾರತ್ತಾ ಅದಕ್ಕೆ, ಚಿಕ್ಕಂದಿನ ಅಭ್ಯಾಸ ಕಣೇ, ಸುಮ್ನಿರು. ಚಿಕ್ಕಂದಿನದೇ, ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಕೈಹಿಡಿದು ಬರೆಸುತ್ತಿದ್ದ ಅಪ್ಪ, ಗೀಟು ಎಳಿ ಮಗನೇ, ಇಲ್ಲಾಂದ್ರೆ ಒಂದು ಅಂತ ಓದ್ಬಿಡ್ತಾರೆ, ನಾವು ಬರೆದಿದ್ದು ಇನ್ನೊಬ್ಬರಿಗೆ ತಪ್ಪಾಗಿ ಕಾಣಬಾರದು — ಅಪ್ಪನ ಕೈಗೆ ಆಗ ಬ್ಲೀಚಿನ ವಾಸನೆ, ಈಗಲೂ ಅದೇ ವಾಸನೆ.

ಅಪ್ಪ ಕೆಲಸ ಮಾಡುವ ಘಟಕಕ್ಕೆ ಊಟದ ಡಬ್ಬಿ ಕೊಡಲು ಹೋದ ರಜೆಯಲ್ಲಿ ನೀರಿನ ಹುಳಿ, ಕ್ಷಾರ ಅಳೆಯುವ ಮೀಟರನ್ನು ಅವನೇ ಕಂಡಿದ್ದ, ತುದಿಯ ಗಾಜು ಒಡೆದು ಹೋಗಿದೆ, ನೀರಿಗಿಟ್ಟರೂ ಗಾಳಿಗಿಟ್ಟರೂ ಅಂಕಿ ಮಿಸುಕುವುದಿಲ್ಲ, ಹೊಸದು ಬೇಕು ಅಂತ ಅರ್ಜಿ ಬರೆದಿದೀನಿ ಕಣೋ, ಇದು ಮೂರನೇದು, ಮ್ಯಾನೇಜರು ಏನಂದ್ರಪ್ಪಾ, ಬರತ್ತೆ ಬರತ್ತೆ, ಅಲ್ಲೀವರೆಗೂ ಕಾಲಂ ಖಾಲಿ ಬಿಡಬೇಡ ಅಂದ್ರು — ಹೇಳುವಾಗ ಅಪ್ಪ ಮುಖ ನೋಡಲಿಲ್ಲ, ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದ. ಅರ್ಜಿಗಳ ನಕಲು ಮೂರೂ ಮನೆಯ ಕಪಾಟಿನಲ್ಲಿ ಅಮ್ಮನ ಬಟ್ಟೆಗಳಡಿ ಇವೆ. ಹಾಗಂತ ಅಪ್ಪ ನಿರಪರಾಧಿಯೇ, ಹೋದ ತಿಂಗಳು ಇದೇ ತರಗತಿ ನದಿಯ ಕೆಳದಂಡೆಗೆ ಹೋಗಿತ್ತಲ್ಲ, ಬಟ್ಟೆ ಒಗೆಯುವ ಹೆಂಗಸು ಹತ್ತೂ ಬೆರಳು ಚಾಚಿ ತೋರಿಸಿದ್ದಳಲ್ಲ, ನೋಡಪ್ಪಾ, ಈರುಳ್ಳಿ ಸಿಪ್ಪೆ ಥರ ತೊಗಲು ಬಿಡತ್ತೆ, ಓದಿದೋರು ನೀವಾದ್ರೂ ಏನಾದ್ರೂ ಮಾಡಿ, ಮಾಡ್ತೀವಮ್ಮಾ ಎಂದಿದ್ದನಲ್ಲ ಅವನೇ, ಎಲ್ಲರಿಗಿಂತ ಮೊದಲು. ಹಾಗಾದ್ರೆ ಇದಕ್ಕೆ ಹೊಣೆ ಯಾರು, ಮೇಡಂ ಕೇಳುತ್ತಿದ್ದಾರೆ, ಬರೆದೋನು, ಅಂದಿತು ಹಿಂದಿನ ಬೆಂಚು, ಬರೆಸಿದೋರು ಇರಲ್ವಾ ಮೇಡಂ, ಅಂದಳು ವಕೀಲಮ್ಮ, ಇರಬಹುದಮ್ಮ, ಆಧಾರ ಎಲ್ಲಿದೆ, ಪುಟದ ಮೇಲಿರೋದು ಒಂದೇ ಕೈ. ಆಧಾರ ಇದೆ, ನಮ್ಮ ಮನೇಲಿದೆ, ಅಂತ ಅವನು ಅಂದರೆ ನಲವತ್ತು ತಲೆ ತಿರುಗುತ್ತವೆ, ನಕ್ಕ ಬಾಯಿಗಳೆಲ್ಲ ಮುಚ್ಚುತ್ತವೆ, ಆ ಮೌನ ನಗುವಿಗಿಂತ ಕೆಟ್ಟದ್ದು, ಸುಮ್ಮನಿದ್ದರೂ ಉಳಿಗಾಲವಿಲ್ಲ, ಮಾಲಿನ್ಯ ಮಂಡಳಿಗೆ ನಮ್ಮ ದೂರಿನ ಜೊತೆ ಹೋಗೋ ಪ್ರತೀಲಿ ಈ ಕಪ್ಪು ಪಟ್ಟಿ ಇರಲ್ಲ, ಎಲ್ಲರೂ ಓದಿ ಸಹಿ ಹಾಕಿ, ಎನ್ನುತ್ತಿದ್ದಾರೆ ಮೇಡಂ, ಕಾಗದ ಬೆಂಚಿನಿಂದ ಬೆಂಚಿಗೆ ಬರುತ್ತಿದೆ, ಸುಳ್ಳು ಅಂಕಿ ಬರೆದ ನೌಕರನ ಮೇಲೆ ಕ್ರಮ ಕೈಗೊಳ್ಳಬೇಕಾಗಿ ವಿನಂತಿ, ಅಪ್ಪನ ನಿವೃತ್ತಿಗೆ ಎಂಟು ತಿಂಗಳು, ವಕೀಲಮ್ಮ ಸಹಿ ಹಾಕಿ ಅವನತ್ತ ತಳ್ಳಿದಳು, ಹಾಕೋ, ನಿದ್ದೆ ಹೋದ್ಯಾ, ಅವನು ಹಾಕಿದ, ಎಷ್ಟು ಸುಲಭ, ಪೆನ್ನು ತಡವರಿಸಲೂ ಇಲ್ಲ, ಕೆಳಗೆ ತಾರೀಖು, ಹದಿನೇಳು, ಕೈ ತಾನಾಗಿಯೇ ಗೀಟು ಎಳೆಯಿತು.

ಊಟದ ಬಿಡುವು, ಕಾರಿಡಾರಿನಲ್ಲಿ ಫೋನು, ಈ ಹೊತ್ತಿಗೆ ಅಪ್ಪ ದಿನಾ ಮಾಡುತ್ತಾನೆ, ಏನೋ, ನದಿ ಉದ್ಧಾರ ಆಯ್ತಾ, ಹಿಂದೆ ಪಂಪಿನ ಗುರ್ ಸದ್ದು, ಆಗ್ತಾ ಇದೆಯಪ್ಪಾ, ಊಟ ಆಯ್ತೇನೋ, ಹೂಂ, ದನಿ ಯಾಕೋ ಒಂಥರಾ ಇದೆ, ನೆಗಡಿ ಅಪ್ಪಾ, ಬಿಸಿನೀರು ಕುಡಿ, ಹುಷಾರು, ಇಡ್ಲಾ, ಇಡು — ಇಡು ಎಂದಮೇಲೂ ಅಪ್ಪ ಇಡಲಿಲ್ಲ, ಅವನೂ ಇಡಲಿಲ್ಲ, ಪಂಪು ಸದ್ದು ಮಾಡುತ್ತಲೇ ಇತ್ತು, ಒಂದು ವಾಕ್ಯಕ್ಕೆ ಸಾಕಾಗುವಷ್ಟು ಹೊತ್ತು, ಬೇಕಾದರೆ ಎರಡಕ್ಕೂ. ಅರ್ಜಿಗಳ ಆ ಮೂರು ನಕಲುಗಳನ್ನು ಹುಡುಕಿ ಕೈಗೆ ಸಿಗುವಂತೆ ಇಟ್ಟುಕೋ ಎಂದು ಅವನು ಅಪ್ಪನಿಗೆ ಹೇಳಲಿಲ್ಲ.