ವೌಟರನ ಹೆಂಡತಿ

ಕಾಶಮ್ಮ ತಟ್ಟೆಯನ್ನು ಮೇಜಿನ ಆ ತುದಿಗೆ ಸರಿಸಿದರು. ರೊಟ್ಟಿಯ ಮೇಲಿನ ಬೆಣ್ಣೆ ಕರಗಿ ಅಂಚಿಗೆ ಹರಿದಿತ್ತು.

"ಲಿಂಗ ಇಲ್ಲದ ಕೂಸು ಮಲಗಿದ ಮನ್ಯಾಗ ನಾ ತುತ್ತು ಎತ್ತಂಗಿಲ್ಲ," ಎಂದರು. ನಿನ್ನೆಯೂ ಇದೇ ಮಾತು.

ಸೋಮಶೇಖರ ತಟ್ಟೆಯನ್ನು ಮತ್ತೆ ಅವ್ವನ ಮುಂದಕ್ಕೆ ತಂದಿಟ್ಟ. ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆಯನ್ನಂತೂ ನುಂಗಿದ್ದರು. ಮೊಮ್ಮಗಳು ಹುಟ್ಟಿದಳೆಂದು ಧಾರವಾಡದಿಂದ ನೆದರ್‌ಲ್ಯಾಂಡ್ಸಿನ ಹಾರ್ಲೆಮ್‌ವರೆಗೆ ಒಬ್ಬರೇ ವಿಮಾನದಲ್ಲಿ ಬಂದಿದ್ದರು. ಕೂಸಿಗೆ ಕಟ್ಟಬೇಕಾದ ಇಷ್ಟಲಿಂಗವನ್ನು ಸೆರಗಿನ ಗಂಟಿನಲ್ಲೇ ತಂದಿದ್ದರು. ತಪಾಸಣೆಯವರು ಅದನ್ನು ಬಿಚ್ಚಿಸಿದಾಗ ಅಳು ಬಂತೆಂದು ಹೇಳಿಕೊಂಡಿದ್ದರು. ಅಷ್ಟು ಕೇಳಿಸಿಕೊಂಡ ಮೇಲೂ ಅವನು ಕಟ್ಟುವುದು ಬೇಡ ಎಂದಿದ್ದ.

"ದೊಡ್ಡಾಕಿ ಆದಮ್ಯಾಲೆ ಬೇಕಂದ್ರ ಆಕೀನ ಕಟ್ಕೊಳ್ಳಲಿ ಅವ್ವಾ. ತಿಳೀದ ಕೂಸಿಗೆ ಯಾಕ?"

"ನಿನಗ ಕಟ್ಟಿದಾಗ ನಿನಗೇನು ತಿಳೀತಿತ್ತು? ಯಾರು ಕಲಿಸ್ಯಾರ ನಿನಗ ಈ ಮಾತು?"

ಕಲಿಸಿದವನು ಸತ್ತು ಐನೂರು ವರ್ಷಕ್ಕೆ ಹತ್ತಿರವಾಗಿತ್ತು. ಸೋಮಶೇಖರ ನಾಲ್ಕು ವರ್ಷದಿಂದ ಆಮ್ಸ್ಟರ್‌ಡ್ಯಾಮಿನ ವಿಶ್ವವಿದ್ಯಾಲಯದಲ್ಲಿ ಅವನ ಜೀವನದ ಮೇಲೆಯೇ ಸಂಶೋಧನೆ ಮಾಡುತ್ತಿದ್ದ. ವೌಟರ್ ಎಂಬ ಆತ ಇದೇ ಹಾರ್ಲೆಮ್ಮಿನ ನೇಕಾರ. ಏನೂ ಅರಿಯದ ಶಿಶುವಿಗೆ ಪಾದ್ರಿ ನೀರು ಹಾಕಿ ದೀಕ್ಷೆ ಕೊಟ್ಟರೆ ಅದು ದೀಕ್ಷೆಯಲ್ಲ, ಬುದ್ಧಿ ಬಂದವರು ತಾವಾಗಿ ಕೇಳಿ ಪಡೆಯಬೇಕು ಎಂದು ಮಗ್ಗದ ಕೋಣೆಯಲ್ಲಿ ಗುಟ್ಟಾಗಿ ಬೋಧಿಸುತ್ತಿದ್ದ. ಒಬ್ಬೊಬ್ಬರೇ ಸೇರಿ ಊರೂರಲ್ಲಿ ಅವನ ಬಳಗ ಬೆಳೆದಿತ್ತು.

ಅವ್ವನಿಗೆ ಅರ್ಥವಾದೀತೆಂಬ ಆಸೆಯಿಂದ ಸೋಮಶೇಖರ ಅದನ್ನೆಲ್ಲ ಹೇಳಿದ. "ಆತಗ ಹೆಣ್ಣು ಕೂಸು ಹುಟ್ಟಿತವ್ವಾ. ನೀರು ಹಾಕ್ಸಾಕ ಗುಡಿಗೆ ಒಯ್ಯಲಿಲ್ಲ. ಒಯ್ಯದಿದ್ರ ಸಾವು ಅಂತ ಕಾಯ್ದೆ ಇತ್ತು. ಆದ್ರೂ ಒಯ್ಯಲಿಲ್ಲ. ಯಾರೋ ಚಾಡಿ ಹೇಳಿದ್ರು, ಸಿಪಾಯಿಗಳು ಬಂದ್ರು. ಆತ ಹಿತ್ತಲ ಕಿಟಕಿ ಹಾರಿ, ದೋಣಿ ಹತ್ತಿ ತಪ್ಪಿಸ್ಕೊಂಡ. ಆಮ್ಯಾಲೆ ಎಷ್ಟೋ ವರ್ಷ ಹಳ್ಳಿಹಳ್ಳಿ ತಿರುಗಿ ಬೋಧಿಸಿದ. ಕಡೀಕ ಸಿಕ್ಕ. ಮಾತು ಹಿಂದಕ್ಕ ತಗೋ, ಬಿಡ್ತೀವಿ ಅಂದ್ರೂ ತಗೊಳ್ಳಲಿಲ್ಲ. ಸುಟ್ಟುಬಿಟ್ರು."

ಕಾಶಮ್ಮ ಕೇಳುತ್ತ ಕೇಳುತ್ತ ಮಗನ ಕಡೆ ತಿರುಗಿ ಕೂತಿದ್ದರು. ಹಣೆಯ ವಿಭೂತಿಯ ಮೇಲೆ ಬೆವರು ಮೂಡಿತ್ತು.

"ಹೇಣ್ತಿ?"

"ಏನು?"

"ಆತ ಕಿಟಕಿ ಹಾರಿದ. ಬಾಣಂತಿ ಹೆಂಗ ಹಾರ್ತಾಳೋ?"

"ಹಿಡಿದ್ರು." ಸೋಮಶೇಖರ ಕಿಟಕಿಯ ಕಡೆ ನೋಡಿದ. "ಇದೇ ಸ್ಪಾರ್ನೆ ಹೊಳ್ಯಾಗ ಮುಳುಗಿಸಿದ್ರು."

"ಕೂಸಿಗೆ ನೀರು ಹಾಕ್ಸೂದು ಬ್ಯಾಡ ಅಂತ ಆತ ಅಂದಾಗ, ಆಕೀನ ಕೇಳಿದ್ನೇನು?"

ಸೋಮಶೇಖರನ ಪ್ರಬಂಧದಲ್ಲಿ ಆ ಹೆಂಗಸಿಗೆ ಸಿಕ್ಕಿದ್ದು ಒಂದು ಸಾಲು. ಹೆಸರು ಲೈಸ್ಬೆತ್, ಸತ್ತದ್ದು ನೀರಿನಲ್ಲಿ.

"ನನ್ನನ್ನೂ ಯಾರೂ ಕೇಳಿಲ್ಲ."

ಇಬ್ಬರೂ ತಿರುಗಿದರು. ಕೋಣೆಯ ಬಾಗಿಲಲ್ಲಿ ಸೋಮಶೇಖರನ ಹೆಂಡತಿ ಇಂಚರಾ ನಿಂತಿದ್ದಳು. ತಲೆಗೆ ಸ್ಕಾರ್ಫು, ಎದೆಗವಚಿಕೊಂಡ ಕೂಸು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಇಂಚರಾ, ನೀನು ರೆಸ್ಟ್ ಮಾಡು. ನಾನು ಅವ್ವನ ಹತ್ರ ಮಾತಾಡ್ತಾ..."

"ಗೊತ್ತು. ಬೇಡ ಅಂತ ಡಿಸೈಡ್ ಮಾಡಿ ಆಮೇಲೆ ನಂಗೆ ಹೇಳ್ದೆ. ಅತ್ತೆನೂ ಅಷ್ಟೆ, ಕಟ್ಟೋದು ಅಂತ ಊರಲ್ಲೇ ಡಿಸೈಡ್ ಮಾಡ್ಕೊಂಡು ಬಂದ್ರು." ಅವಳ ಧ್ವನಿ ಏರಲಿಲ್ಲ. "ಹೆತ್ತಿದ್ದು ನಾನು."

ಕಾಶಮ್ಮ ಏನೋ ಹೇಳಲೆಂದು ಮೇಜು ಹಿಡಿದು ಎದ್ದರು. ಮೊಣಕಾಲು ಕುಸಿಯಿತು. ಸೋಮಶೇಖರ ಹಿಡಿಯದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು. ಅವ್ವನ ಅಂಗೈ ತಣ್ಣಗಿತ್ತು. ಅವನು ಅವ್ವಾ, ಅವ್ವಾ ಎಂದು ಕೂಗುತ್ತಲೇ ಇದ್ದ. ಇಂಚರಾ ಕೂಸನ್ನು ಸೋಫಾದ ಮೇಲೆ ಮಲಗಿಸಿ, ಅಡುಗೆಮನೆಗೆ ಹೋಗಿ ಸೇಬಿನ ರಸ ತಂದು ಅತ್ತೆಯ ತುಟಿಗೆ ಹಿಡಿದಳು. ಕಾಶಮ್ಮ ಮುಖ ತಿರುಗಿಸಿದರು.

"ಅತ್ತೆ, ನನ್ನ ಮಗು ಹೆಸರಲ್ಲಿ ಯಾರೂ ಸಾಯೋದು ಬೇಡ. ಕುಡೀರಿ."

ಕಾಶಮ್ಮ ಸೊಸೆಯ ಮುಖವನ್ನು ದಿಟ್ಟಿಸಿದರು. ಗ್ಲಾಸಿನ ಅಂಚು ಹಲ್ಲಿಗೆ ತಾಗಿ ಕಟಕಟ ಸದ್ದಾಯಿತು. ಒಂದು ಗುಟುಕು, ಇನ್ನೊಂದು. ಕೊನೆಗೆ ಗ್ಲಾಸನ್ನು ತಾವೇ ಹಿಡಿದುಕೊಂಡರು. ಉಸಿರು ಹದಕ್ಕೆ ಬಂದ ಮೇಲೆ ಮೆಲ್ಲಗೆ ಕೇಳಿದರು:

"ನಿನಗ ಏನ್ ಬೇಕವಾ?"

"ನಂಗೆ ಇನ್ನೂ ಗೊತ್ತಿಲ್ಲ ಅತ್ತೆ. ಈಗ ಬೇಡ. ಇವರು ಹೇಳಿದ್ರು ಅಂತಲ್ಲ. ಗೊತ್ತಾದ ದಿನ ನಾನೇ ನಿಮಗೆ ಹೇಳ್ತೀನಿ."

"ನಾ ಊರಿಗೆ ಹೋಗೂದ್ರೊಳಗ ಹೇಳ್ತೀಯೇನು?"

"ಅದೂ ಗೊತ್ತಿಲ್ಲ."

ಕಾಶಮ್ಮನ ಕಣ್ಣು ತುಂಬಿದವು. ಸೆರಗಿನ ಗಂಟನ್ನು ಒಮ್ಮೆ ಮುಟ್ಟಿಕೊಂಡರು, ಬಿಚ್ಚಲಿಲ್ಲ. ಆಮೇಲೆ ಆರಿದ ರೊಟ್ಟಿಯನ್ನು ಮುರಿದು, ಯಾರ ಮುಖವನ್ನೂ ನೋಡದೆ ನಿಧಾನವಾಗಿ ಅಗಿಯತೊಡಗಿದರು. ಸೋಮಶೇಖರ ನೀರು ತಂದಿಟ್ಟ.

ಕೂಸು ಎಚ್ಚರಗೊಂಡು ಕುಂಯ್‌ಗುಟ್ಟಿತು. ಕಾಶಮ್ಮ ಕೈ ತೊಳೆದು ಬಂದು, ಎತ್ತಿಕೊಳ್ಳಲೇ ಎಂಬಂತೆ ಸೊಸೆಯತ್ತ ನೋಡಿದರು. ಇಂಚರಾ ತಲೆಯಾಡಿಸಿದಳು. ಅಜ್ಜಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಬಳಿ ನಿಂತರು.

ಕೆಳಗೆ ಹೊಳೆಯ ಮೇಲಿನ ಸೇತುವೆ ದೋಣಿಗೆ ದಾರಿ ಬಿಡಲು ಗಂಟೆ ಬಾರಿಸುತ್ತ ಮೇಲೆದ್ದಿತ್ತು. ಸೈಕಲ್ಲಿನವರು ಒಂದು ಕಾಲನ್ನು ನೆಲಕ್ಕೂರಿ ಕಾಯುತ್ತಿದ್ದರು. ದೋಣಿಯೊಂದು ಅವಸರವಿಲ್ಲದೆ ದಾಟಿಹೋಗುತ್ತಿತ್ತು.